ಇರ್ನುಡಿ ಮುದ್ರೆ ಮತ್ತು ಖಾಲಿ ಕುರ್ಚಿ

ಹೊಸಕುಮಟೆ,
ಕಡಲು ಊರು ನುಂಗಿದ ತೊಂಬತ್ತೊಂದನೆಯ ವರ್ಷ, ಗಾಳಿತಿಂಗಳ ಕೊನೆ.

ಹಿಂದಿನ ಕಾಲದವರಿಗೆ,

ನಿಮ್ಮ ಲೆಕ್ಕದಲ್ಲಿ ಇದು ೨೧೭೮ ಇರಬೇಕು. ನನ್ನ ಮಾತು ಅಲ್ಲಲ್ಲಿ ನಿಮಗೆ ಗುರುತು ಸಿಗದೆ ಹೋದರೆ ಕ್ಷಮಿಸಿ. ನಾನು ಶಾಲೆಗೆ ಹೋದದ್ದು ಏಳನೆಯ ತರಗತಿಯ ತನಕ ಮಾತ್ರ. ಉಳಿದದ್ದು ದಿನಚರಿ ಬರೆದು ಬರೆದು ಕೈಗೆ ಬಂದದ್ದು. ಈಗ ದಿನಚರಿ ಬರೆಯಲು ಮನಸ್ಸಾಗುವುದಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಇರ್ನುಡಿ ಮುದ್ರೆಯ ನಿಯಮ ಮೊದಲು ಹುಟ್ಟಿದ್ದು ನಿಮ್ಮ ಕಾಲದಲ್ಲಂತೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಂತೆ. ಇರಬಹುದು.

ನಮ್ಮ ಹಿರಿಯರು ಕರಾವಳಿಯ ಅಂಬಿಗರು. ಕಡಲು ಮೇಲೇರಿದಾಗ ಅವರನ್ನು ಘಟ್ಟದಾಚೆಯ ಈ ಬಯಲಿಗೆ ತಂದು ಇಳಿಸಿದರು. ಇಲ್ಲಿ ಎಷ್ಟು ಆಳ ಕೊರೆದರೂ ಸವಳು ನೀರೇ ಬರುತ್ತದೆ. ಅದನ್ನು ಕಾಯಿಸಿ ಉಪ್ಪು ತೆಗೆಯುವ ದೊಡ್ಡ ಕೊಟ್ಟಿಗೆಗಳಿಗೆ ಸವಳುಮನೆ ಅನ್ನುತ್ತೇವೆ. ಹತ್ತು ಕಡೆಯಿಂದ ಹತ್ತು ಭಾಷೆಯವರು ಬಂದು ಸೇರಿದ್ದರಿಂದ ಶಾಲೆ, ಕಚೇರಿ, ಆಸ್ಪತ್ರೆಗಳಲ್ಲಿ ಕೂಡುನುಡಿ ನಡೆಯುತ್ತದೆ. ಅದು ಎಲ್ಲರಿಗೂ ಬರುತ್ತದೆ, ಯಾರ ಮನೆಯದೂ ಅಲ್ಲ. ಕನ್ನಡವನ್ನು ಸರ್ಕಾರದವರು ಮನೆನುಡಿ ಎನ್ನುತ್ತಾರೆ. ಪ್ರೌಢಶಾಲೆ ಮುಗಿಸುವ ಮಕ್ಕಳಲ್ಲಿ ಕೂಡುನುಡಿಯನ್ನೂ ಒಂದು ಮನೆನುಡಿಯನ್ನೂ ಚೆನ್ನಾಗಿ ಬಲ್ಲವರಿಗೆ ಹಿತ್ತಾಳೆಯ ಒಂದು ಬಿಲ್ಲೆ ಕೊಡುತ್ತಾರೆ. ಅದೇ ಇರ್ನುಡಿ ಮುದ್ರೆ. ಎಡ ಹೆಗಲಿಗೆ ಸಿಕ್ಕಿಸಿಕೊಳ್ಳುವುದು.

ನನ್ನ ಮಗಳು ಸುಗಂಧಿಗೆ ಆ ಮುದ್ರೆ ಬೇಕಿತ್ತು. ಹೆಗಲ ಮೇಲೆ ಮಿಂಚಲಿ ಅಂತಲ್ಲ. ನಮ್ಮಲ್ಲಿ ಸವಳುಜ್ವರ ಬಂದವರಿಗೆ ಮೊದಲು ಕೂಡುನುಡಿ ಮರೆತುಹೋಗುತ್ತದೆ. ವರ್ಷಗಟ್ಟಲೆ ಕಚೇರಿಯಲ್ಲಿ ದುಡಿದವರೂ ಹಾಸಿಗೆ ಹಿಡಿದ ಮೇಲೆ ಮನೆನುಡಿಯಲ್ಲೇ ನರಳುತ್ತಾರೆ. ವೈದ್ಯರಿಗೆ ಅದು ತಿಳಿಯುವುದಿಲ್ಲ. ಅದಕ್ಕೆಂದೇ ಪ್ರತಿ ವಾರ್ಡಿನಲ್ಲೂ ಒಂದು ಕುರ್ಚಿ ಇಟ್ಟಿದ್ದಾರೆ. ಅದರಲ್ಲಿ ಕೂರುವವರು ನಡುಮಾತಿನವರು, ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸುವವರು. ಶಾಲೆಯ ಮಕ್ಕಳು ಕೂತರೆ ಅಡ್ಡಿಯಿಲ್ಲ. ಶಾಲೆ ಮುಗಿದ ಮೇಲೆ ಮುದ್ರೆ ಇದ್ದವರು ಮಾತ್ರ ಕೂರಬಹುದು. ಉಳಿದವರನ್ನು, ರೋಗಿಯ ಮನೆಯವರನ್ನು ಕೂಡ, ವಾರ್ಡಿನೊಳಗೆ ಬಿಡುವುದಿಲ್ಲ. ಸುಗಂಧಿ ಶಾಲೆ ಬಿಟ್ಟೊಡನೆ ಚೀಲ ಸಮೇತ ಅಲ್ಲಿಗೇ ಓಡುತ್ತಿದ್ದಳು. ನಮ್ಮ ಓಣಿಯ ಮುದುಕಿಯರು ಅವಳಿಗಾಗಿ ಕಾಯುತ್ತಿದ್ದರು. “ಬಂದ್ಲು ನೋಡು ನಮ್ಮ ನಾಲಿಗೆ” ಅಂತ ಒಬ್ಬಳು ಅನ್ನುತ್ತಿದ್ದಳಂತೆ. ಇನ್ನೊಬ್ಬಳು, “ನಾಲಿಗೆ ಅಲ್ಲ ಮಾರಾಯ್ತಿ, ಬರೀ ಬಾಯಿ” ಅನ್ನುತ್ತಿದ್ದಳಂತೆ.

ಪರೀಕ್ಷೆಯ ಕ್ರಮ ಹೇಳುತ್ತೇನೆ. ಒಂದು ದಿನ ಕೂಡುನುಡಿ, ಮರುದಿನ ಮನೆನುಡಿ. ಆ ಕೋಣೆಯ ಗೋಡೆಗೆ ಕಿವಿ ಇರುತ್ತದೆ. ಹಾಗೆಂದರೆ ಗೋಡೆಯಲ್ಲಿ ಹುದುಗಿಸಿದ ಒಂದು ಯಂತ್ರ. ಪರೀಕ್ಷೆಗೆ ಕೂತವರ ಬಾಯಿಂದ ಇನ್ನೊಂದು ಭಾಷೆಯ ಮಾತು ಹೊರಟರೆ ಕೆಂಪು ದೀಪ ಹತ್ತುತ್ತದೆ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಬೆರಕೆ ಕೂಡದು ಎಂಬುದೇ ಮೊದಲ ನಿಯಮ. ಈ ಭಯಕ್ಕೆ ಪರೀಕ್ಷೆಯ ವರ್ಷ ಮನೆಮನೆಯಲ್ಲೂ ಶುದ್ಧವಾರ ಹಿಡಿಯುತ್ತಾರೆ, ವಾರವಿಡೀ ಒಂದೇ ಭಾಷೆ. ನಾವೂ ಹಿಡಿದೆವು. ಮನೆಯ ನೀರಿನ ಕೊಳವೆ, ಕವಾಟ ಯಾವುದಕ್ಕೂ ಕನ್ನಡದ ಹೆಸರು ನಮಗೆ ಆಗ ಗೊತ್ತಿರಲಿಲ್ಲ. ಎಲ್ಲದಕ್ಕೂ ಬೆರಳು ತೋರಿಸುವುದಾಯಿತು. “ಅಮಾ, ಈ ವಾರ ನಾವು ಶುದ್ಧ ಮೂಗರು” ಅಂತ ಅವಳು ನಕ್ಕಳು. ಸಾರು ಉಕ್ಕಿದಾಗ ನಾನು ಬಾಯಿತಪ್ಪಿ ಕೂಡುನುಡಿಯಲ್ಲಿ ಕೂಗಿದರೆ, “ಅಮ್ಮಂಗೆ ಕೆಂಪು ದೀಪ” ಅಂತ ಬೊಬ್ಬೆ ಹೊಡೆದಳು.

ಎರಡನೆಯ ದಿನ ಅವಳ ಎದುರು ಕೂತವರು ಪರಮೇಶ್ವರ ಪಟಗಾರರು, ನಮ್ಮ ಕಡೆಯವರೇ, ವಯಸ್ಸಾದ ಮೇಷ್ಟ್ರು. ಮಾತು ಸೊಗಸಾಗಿ ನಡೆದಿತ್ತಂತೆ. ಅವರು ಹಳೆಯ ಕಡಲಿನ ಬಗ್ಗೆ ಕೇಳಿದರಂತೆ, ಇವಳು ಅಜ್ಜಿಯಿಂದ ಕೇಳಿದ ಬಲೆ ನೇಯುವ ಬಗೆ ಹೇಳಿದಳಂತೆ. ನಡುವೆ ಮೇಷ್ಟ್ರು ಎದೆ ಹಿಡಿದುಕೊಂಡು ಬಿದ್ದರು. ಇವಳು ಬಾಗಿಲು ತೆಗೆದು ಕೂಡುನುಡಿಯಲ್ಲಿ ಕೂಗಿದಳು. ಹೊರಗಿದ್ದವರಿಗೆ ಬೇರೆ ಯಾವುದೂ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಕನ್ನಡದಲ್ಲಿ ಉಸುರುತ್ತಿದ್ದರು: ನೋವು ಎಲ್ಲಿ, ಯಾವ ಕೈಗೆ ಇಳಿಯುತ್ತಿದೆ, ಬೆಳಿಗ್ಗೆ ಯಾವ ಮಾತ್ರೆ ನುಂಗಿದೆ. ಇವಳು ನೆಲದ ಮೇಲೆ ಕೂತು, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದನ್ನೂ ಓಡಿಬಂದ ವೈದ್ಯರಿಗೆ ದಾಟಿಸಿದಳು. ಅಷ್ಟು ಹೊತ್ತೂ ಗೋಡೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು.

ಮೇಷ್ಟ್ರು ಉಳಿದರು. ಸುಗಂಧಿ ಫೇಲಾದಳು. ಎರಡು ಭಾಷೆ ಬಲ್ಲವಳು ಹೌದೋ ಅಲ್ಲವೋ ಎಂದು ನೋಡಲು ಕೂರಿಸಿ, ಎರಡನ್ನೂ ಆಡಿದಳೆಂದು ಎಬ್ಬಿಸಿ ಕಳಿಸಿದರು.

ಮಂಡಳಿಯವರು ಸಭ್ಯರು. ಮುಂದಿನ ವರ್ಷ ಮತ್ತೆ ಕೂರಲಿ ಎಂದರು. ನಾನೂ ಕೂರು ಅಂದೆ. ಅವಳು ಒಪ್ಪಲಿಲ್ಲ. “ಮುಂದಿನ ವರ್ಷ ಇನ್ನೊಬ್ಬರು ಬಿದ್ರೆ ಸುಮ್ನೆ ನೋಡ್ತಾ ಕೂರ್ಬೇಕನಾ? ಹಂಗೆ ಕೂತವ್ರಿಗೆ ಕೊಡೋ ಬಿಲ್ಲೆ ನಂಗೆಂತಕ್ಕೆ?” ಅಂದಳು. ಮೇಷ್ಟ್ರು ಹಾಸಿಗೆಯಿಂದ ಎದ್ದವರೇ ಮಂಡಳಿಗೆ ಅಲೆಯತೊಡಗಿದರು. ಅವಳು ಸವಳುಮನೆಯ ಕೆಲಸಕ್ಕೆ ಸೇರಿದಳು. ಹಬೆಯ ಕೆಲಸ. ಹಬೆಯಲ್ಲಿ ದುಡಿದವರಿಗೇ ಸವಳುಜ್ವರ ಬರುವುದು. ಎರಡನೆಯ ಬೇಸಿಗೆಯಲ್ಲಿ ಅವಳಿಗೂ ಬಂತು.

ಯಾವ ವಾರ್ಡಿನಲ್ಲಿ ಅವಳು ಮಾತು ದಾಟಿಸುತ್ತಿದ್ದಳೋ ಅದೇ ವಾರ್ಡಿನಲ್ಲಿ ಮಲಗಿಸಿದರು. ಕುರ್ಚಿ ಖಾಲಿ ಇತ್ತು. ಅವಳ ನಂತರ ಶಾಲೆಯ ಮಕ್ಕಳು ಯಾರೂ ಬರಲಿಲ್ಲ, ಅದು ಖಾಲಿಯೇ ಇರುತ್ತದೆ. ಮುದ್ರೆ ಪಡೆಯುವವರು ಹೆಚ್ಚಾಗಿ ಮನೆಪಾಠಕ್ಕೆ ಮೇಷ್ಟ್ರನ್ನು ಗೊತ್ತುಮಾಡಿಕೊಂಡು ಮನೆನುಡಿ ಕಲಿತ ದೊಡ್ಡ ಮನೆಯ ಮಕ್ಕಳು. ಮುದ್ರೆ ಇದ್ದರೆ ಮೇಲಿನ ಓದಿಗೆ ಜಾಗ ಬೇಗ ಸಿಗುತ್ತದೆ. ಸಿಕ್ಕ ಮೇಲೆ ಬಿಲ್ಲೆ ಪೆಟ್ಟಿಗೆ ಸೇರುತ್ತದೆ. ರೋಗಿಗಳ ವಾಸನೆಯಲ್ಲಿ ಕೂರಲು ಅವರು ಯಾಕೆ ಬರುತ್ತಾರೆ?

ನಾನು ಬಾಗಿಲಲ್ಲಿ ನಿಂತಿದ್ದೆ. ಕಾವಲಿಗಿದ್ದವಳು ನಮ್ಮ ಓಣಿಯ ಶೇವಂತಿ. “ಅಕ್ಕಾ, ನಾ ಎಂತ ಮಾಡ್ಲಿ? ಮುದ್ರೆ ಇಲ್ದವ್ರನ್ನ ಒಳಗೆ ಬಿಟ್ರೆ ನಂಗೂ ಸವಳುಮನೆಯೇ ಗತಿ” ಅಂದಳು. ಕನ್ನಡದಲ್ಲೇ ಅಂದಳು. ನಾವಿಬ್ಬರೂ ಎರಡೂ ಭಾಷೆ ಬಲ್ಲವರು, ಇಬ್ಬರೂ ಹೊರಗೆ. ಗಾಜಿನಾಚೆ ನನ್ನ ಮಗಳ ತುಟಿ ಆಡುತ್ತಿತ್ತು. ವೈದ್ಯರು ಬಗ್ಗಿ ಕೇಳಿಸಿಕೊಂಡು, ತಲೆ ಅಲ್ಲಾಡಿಸಿ, ಮುಂದಿನ ಹಾಸಿಗೆಗೆ ಹೋದರು. ಅವಳು ಏನು ಹೇಳುತ್ತಿದ್ದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೋವು ಎಲ್ಲಿ ಅಂತ ಹೇಳಿದಳೋ, ನೀರು ಕೇಳಿದಳೋ, ನನ್ನನ್ನು ಕರೆದಳೋ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಹೋದ ತಿಂಗಳು ಮಂಡಳಿಯಿಂದ ಒಂದು ಪೊಟ್ಟಣ ಬಂತು. ಪಟಗಾರ ಮೇಷ್ಟ್ರ ಅಲೆದಾಟ ಫಲಿಸಿತ್ತು. ವಿಶೇಷ ಪ್ರಕರಣವೆಂದು ಬಗೆದು ಸುಗಂಧಿಗೆ ಮುದ್ರೆ ಕೊಟ್ಟಿದ್ದರು. ಎರಡೂ ಲಿಪಿಯಲ್ಲಿ ಅವಳ ಹೆಸರಿದೆ. ತಪ್ಪಿಲ್ಲದೆ ಕೆತ್ತಿದ್ದಾರೆ.

ಮುದ್ರೆ ಒಬ್ಬರದು ಇನ್ನೊಬ್ಬರಿಗೆ ಸಲ್ಲುವುದಿಲ್ಲ, ಗೊತ್ತು. ಆದರೂ ಸಂಜೆ ಅದನ್ನು ಸೀರೆಯ ಹೆಗಲಿಗೆ ಸಿಕ್ಕಿಸಿಕೊಂಡು ಆಸ್ಪತ್ರೆಗೆ ಹೋಗುತ್ತೇನೆ. ಶೇವಂತಿ ಬಿಲ್ಲೆ ನೋಡುತ್ತಾಳೆ, ಹೆಸರು ಓದುವುದಿಲ್ಲ. ಆ ಕುರ್ಚಿಯಲ್ಲಿ ಕೂತು, ಬೆರಕೆಯೋ ಶುದ್ಧವೋ, ಬಂದಂತೆ ಮಾತು ದಾಟಿಸುತ್ತೇನೆ. ಒಂದು ದಿನ ಯಾರಾದರೂ ಹೆಸರು ಓದುತ್ತಾರೆ. ಅವತ್ತು ಕುರ್ಚಿ ಮತ್ತೆ ಖಾಲಿಯಾಗುತ್ತದೆ.

ನಿಮ್ಮನ್ನು ಕೇಳುವುದು ಇಷ್ಟೇ. ಎರಡು ಭಾಷೆ ಬಲ್ಲ ಮಕ್ಕಳಿಗೆ ಮರ್ಯಾದೆ ಮಾಡಬೇಕೆಂದು ನೀವು ಎಲ್ಲೋ ಕೂತು ನಿಯಮ ಬರೆಯುತ್ತಿರಬಹುದು. ಬರೆಯಿರಿ. ಬೆರಕೆ ಕೂಡದು ಎಂಬ ಸಾಲಿಗೆ ಬಂದಾಗ ಮಾತ್ರ ಪೆನ್ನು ಕೆಳಗಿಡಿ, ಎದ್ದುಹೋಗಿ ಯಾವುದಾದರೂ ಆಸ್ಪತ್ರೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಬನ್ನಿ. ಆಮೇಲೂ ಆ ಸಾಲು ಬೇಕೆನಿಸಿದರೆ, ಕೆಳಗೆ ನನ್ನ ಮಗಳ ಹೆಸರನ್ನೂ ಬರೆಯಿರಿ.

ಆಸ್ಪತ್ರೆಗೆ ಹೊತ್ತಾಯಿತು, ಹೊರಡುತ್ತೇನೆ.

ಸುಗಂಧಿಯ ತಾಯಿ,
ದೇವಕಿ ಅಂಬಿಗ