ತಿರುಗಿ ಬಂದವಳಿಗೆ ನೀರು

ಮಂಗಳವಾರ, ನವೆಂಬರ್ ೧೧. ಮಣಿಕೊಂಡ.

ಇವತ್ತೂ ಅದೇ ದೂರು. ನನ್ನ ದೆವ್ವದ ವಿಡಿಯೋ ಗೇಮ್ ಆಡಿ ನೋಡಲು ಬಂದವರು ಹೆದರಿ ಆಟ ಬಿಡಲಿಲ್ಲ, ಬೇಸರಕ್ಕೆ ಬಿಟ್ಟರು. ಮೇಲಿನ ಮಹಡಿಯಲ್ಲಿ ಕೀಲಿಕೈ ಸಿಕ್ಕ ಮೇಲೆ ನಾಯಕಿ ಪಾಳು ಆಸ್ಪತ್ರೆಯ ಅದೇ ಕಾರಿಡಾರಿನಲ್ಲಿ ವಾಪಸ್ ನಡೆಯಬೇಕು. "ಮಳ್ಳೀ ಅದೇನಾ?" ಎಂದರು ತೆಲುಗಿನಲ್ಲಿ. ಮತ್ತೆ ಅದೇನಾ ಅಂತ! ಶುಕ್ರವಾರದೊಳಗೆ ಸರಿಹೋಗದಿದ್ದರೆ ನಮ್ಮ ತಂಡದ ಮುಖ್ಯಸ್ಥ ಬಸವಕಿರಣ ಆ ಮಹಡಿಯನ್ನೇ ತೆಗೆಸುತ್ತಾನಂತೆ. ಎಂಟು ತಿಂಗಳು ಕೂತು ಕಟ್ಟಿದವಳು ನಾನು, ಅವನಿಗೇನು.

ಸಂಜೆ ಸಿಟ್ಟಿನಲ್ಲೇ, ರಾಯಚೂರಿನಿಂದ ಬಂದಿರುವ ಅತ್ತೆಯ ಕೈಗೆ ಕಂಟ್ರೋಲರ್ ಕೊಟ್ಟೆ. ಕೀಲಿಕೈ ಸಿಕ್ಕಿತು. ಹುಡುಗಿಯನ್ನು ಹಿಂದಕ್ಕೆ ತಿರುಗಿಸಿದವರೇ ಅಲ್ಲೇ ನಿಲ್ಲಿಸಿಬಿಟ್ಟರು.

"ಯಾಕ್ರಿ ಅತ್ತಿ?"

"ಹೊಂಟಾಕಿ ತಿರುಗಿ ಬಂದ್ರ ಒಂದೀಟು ಕುಂತು, ನೀರು ಕುಡಿದು ಹೋಗಬೇಕು ಶೈಲಾ. ಇಲ್ಲಿ ನೀರೆಲ್ಲಿ ಐತಿ?"

ನಕ್ಕೆ. ಆಮೇಲೆ ನಗು ನಿಂತಿತು. ಕಾರಿಡಾರಿನ ತಿರುವಿನಲ್ಲಿ ಒಂದು ಹೂಜಿ ಇಟ್ಟು, ಅವಳನ್ನು ನೆಲದ ಮೇಲೆ ಕೂರಿಸಿದರೆ? ಕೂತವಳಿಗೆ ನಿಂತಾಗ ಕಾಣದ್ದು ಕಾಣುತ್ತದೆ. ಹೋಗುವಾಗ ಸುಮ್ಮನೆ ದಾಟಿಹೋದ ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು, ಆ ಬೆಳಕಿನಲ್ಲಿ ಎರಡು ಪಾದ. ಅವಳ ಕೈಯಲ್ಲಿರುವ ಕೀಲಿಕೈ ಆ ಬಾಗಿಲಿನದೇ.

ಇನ್ನು ಯಾರು ಬೇಸರ ಅನ್ನುತ್ತಾರೋ ನೋಡೋಣ. ಮಹಡಿ ಉಳಿಯುತ್ತದೆ ಅನ್ನಿಸುತ್ತಿದೆ. ಹೂಜಿಯ ಚಿತ್ರ ಬರೆದದ್ದಾಯಿತು, ಕಣ್ಣು ಎಳೆಯುತ್ತಿದೆ. ಒಳಗಿನಿಂದ ಅತ್ತೆಯ ದನಿ:

"ಆ ಹುಡುಗಿ ಇನ್ನಾ ನಿಂತೇ ಅದಾಳೇನು? ಮೊದಲ ಆಕಿನ್ನ ಕುಂಡ್ರಸವಾ."