ಶಾಲು ಹೊದೆಸಿ ಕಳಿಸಿದರು

ಕಾರ್ಗಲ್
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಉಮೇಶಣ್ಣ,

ಬಿಂದುವಿನ ನಮಸ್ಕಾರ. ಬರೆಯುವುದು ತಡವಾಯಿತು, ಬೈಯಬೇಡ. ಫೋನಿನಲ್ಲಿ ಮಾತಾಡಹೋದರೆ ಅಳು ಬರುತ್ತದೆ, ಅದಕ್ಕೇ ಕಾಗದ. ನಾವೆಲ್ಲ ಆರಾಮು ಅಂತ ಬರೆಯಹೊರಟೆ, ಆದರೆ ಆರಾಮೋ ಅಲ್ಲವೋ ನನಗೇ ತಿಳಿಯುತ್ತಿಲ್ಲ.

ಹೋದ ಸೋಮವಾರ ಇಲ್ಲಿನ ಆಫೀಸಿನಲ್ಲಿ ನಿನ್ನ ಭಾವನಿಗೆ ಸನ್ಮಾನ ಮಾಡಿದರು. ಕಾಲೊನಿಗೆ ನೀರು ಬಿಡುವ ಪಂಪ್ ಆಪರೇಟರಿಗೂ ಸನ್ಮಾನವಾ ಅಂತ ನಾನು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಇವರೂ ಮೈಕ್ ಹಿಡಿದು, "ಇನ್ನೂ ಚೆನ್ನಾಗಿ ಕೆಲ್ಸ ಮಾಡ್ತೀನಿ ಸರ್" ಅಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಸಾಹೇಬರು ಹತ್ತಿರ ಬಂದು, "ನಿಮ್ಗೆ ಯಾರೂ ಹೇಳ್ಲಿಲ್ವಾ? ಇದು ಬೀಳ್ಕೊಡುಗೆ. ಖರ್ಚು ಕಡಿಮೆ ಮಾಡ್ಬೇಕಂತೆ, ನಾಳೆಯಿಂದ ಬರೋದು ಬೇಡ" ಅಂದರು. ನಾನು ನಗಬೇಕಿತ್ತೋ ಅಳಬೇಕಿತ್ತೋ?

ಮರುದಿನ ಇವರು ಹೋಗಿ, "ಯಾರು ಸರ್ ತೀರ್ಮಾನ ಮಾಡಿದ್ದು? ನನ್ನನ್ನೇ ಯಾಕೆ ತೆಗೆದ್ರಿ?" ಅಂತ ಕೇಳಿದರು. "ಮೇಲಿಂದ ಬಂದಿದೆ" ಅಂದರಂತೆ. ಮೇಲಿನವರನ್ನು ಕೇಳಿದರೆ, ಕೆಳಗಿನವರು ಕೊಟ್ಟ ಹೆಸರು ಅಂತಾರೆ. ಇಷ್ಟು ಉಳಿತಾಯವಾಗಿದೆ ಅಂತ ಗೇಟಿನಲ್ಲಿ ಬೋರ್ಡ್ ಹಾಕಿದ್ದಾರೆ, ಎಲ್ಲವೂ ಪಾರದರ್ಶಕವಂತೆ. ತೀರ್ಮಾನ ಯಾರದ್ದು ಅಂತ ಮಾತ್ರ ಅದರಲ್ಲಿಲ್ಲ. ಇತ್ತ ನಲ್ಲಿಯಲ್ಲಿ ನೀರು ಬಾರದೆ ಪಕ್ಕದ ಮನೆ ದುರ್ಗಮ್ಮ ಕೊಡಪಾನ ಹಿಡಿದು ಬಂದು, "ಎಂತ ಬಿಂದು, ನಿಮ್ಮನೆಯೋರು ನೀರು ಬಿಡ್ಲಿಲ್ವಾ?" ಅಂತ ನಮ್ಮನ್ನೇ ಬೈಯುತ್ತಾಳೆ. ಇವರು ತಡೆಯಲಾರದೆ ಹೋಗಿ ಪಂಪ್ ಹಾಕಿ ಬರುತ್ತಾರೆ, ಸಂಬಳವಿಲ್ಲದೆ. ಕೆಲಸ ಹೋಗಿದೆಯೋ ಇದೆಯೋ, ನೀನೇ ಹೇಳು.

"ನಿಮ್ಮಣ್ಣನ್ನ ಕೇಳು, ಅವ್ರು ನಮ್ಮ ಕಂಪ್ನಿದೇ ದೊಡ್ಡ ಆಫೀಸಲ್ಲಿದಾರೆ. ಯಾರು ಮಾಡಿದ್ದು ಅಂತಾದ್ರೂ ತಿಳೀಲಿ" ಅನ್ನುತ್ತಿದ್ದಾರೆ ಇವರು. ತನುಜತ್ತಿಗೆಗೆ ನನ್ನ ನೆನಪು ಹೇಳು. ಚೈತನ್ಯಾಳಿಗೆ ಒಂದು ಮುತ್ತು, ಪರೀಕ್ಷೆ ಚೆನ್ನಾಗಿ ಬರೆಯಲಿ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ಬಿಂದು

ತಾ.ಕ.: ಇದು ಮರೆತು ಕೊನೆಗೆ ಬರೆದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೊನ್ನೆ ಸಾಹೇಬರು ನನ್ನನ್ನು ಕರೆದು ಹೇಳಿದರು: "ಅಮ್ಮಾ, ಹೆಸರು ಕೊಟ್ಟಿದ್ದು ನಿಮ್ಮಣ್ಣನೇ. ನಮ್ಮೋರನ್ನೇ ಮೊದ್ಲು ತೆಗೆದ್ರೆ ನಾಳೆ ಯಾರೂ ಬೆರಳು ತೋರ್ಸಲ್ಲ ಅಂದ್ರು." ಇವರಿಗೆ ನಾನಿನ್ನೂ ಹೇಳಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ತಂದು, ನಮ್ಮನೆಯಲ್ಲಿ ಉಂಡು, ಭಾವ ಕೊಟ್ಟ ಎಲೆಯಡಿಕೆ ಹಾಕಿಕೊಂಡು ಹೋದೆಯಲ್ಲ, ಅವತ್ತೇ ನಿನಗೆ ಗೊತ್ತಿತ್ತಾ ಅಣ್ಣಾ?