ಆರಿಸದ ಮೈಕು

ಗೋಕಾಕ, ಶುಕ್ರವಾರ, ನವೆಂಬರ್ ೧೪

ರೋಗಿಗಳಿಗೆ ಹಾಡು ಕೇಳಿಸುವ ನಮ್ಮ ಆಸ್ಪತ್ರೆ ರೇಡಿಯೋ ಇವತ್ತೇ ಮುಚ್ಚಬೇಕೆಂದಿದ್ದೆ. ನಡೆಸುವವರಲ್ಲಿ ಉಳಿದಿರುವುದು ನಾನು ಮತ್ತು ಗೆಳೆಯ ನಿಜಾಮಸಾಬ. ಸ್ಪೀಕರ್ ಉಳಿದಿರುವುದು ಬಾಜೂಕಿನ ಹೆರಿಗೆ ವಾರ್ಡಿನಲ್ಲಿ ಮಾತ್ರ. ಹಾಡು ಮುಗಿದ ಮೇಲೆ ಮೈಕ್ ಆರಿಸಲು ಮರೆತೆ. ಅದು ನನ್ನಾಕೆ ಅನ್ನಪೂರ್ಣಾಳ ಕೆಲಸವಾಗಿತ್ತು. ಅವಳು ಹೋದ ಮೇಲೂ ನನ್ನ ಕೈಗೆ ರೂಢಿಯಾಗಿಲ್ಲ.

“ಮುಚ್ಚೂಣು ಬಿಡಪಾ, ಯಾರ ಕೇಳತಾರ?” ಎಂದೆ.

“ನಿನ್ನ ದನಿಗೆ ಅಂಜಿ ಕೂಸುಗೋಳು ಹೊರಗ ಬರಾಕ ವಲ್ಲೆ ಅಂತಾವ!” ಎಂದ ನಿಜಾಮಸಾಬ.

ವಾರ್ಡೆಲ್ಲ ನಕ್ಕಿತು. ಮೊಮ್ಮಗನನ್ನು ಎತ್ತಿಕೊಂಡೇ ಒಬ್ಬ ಅಜ್ಜಿ ನಮ್ಮ ಕೋಣೆಯ ಬಾಗಿಲಿಗೆ ಬಂದಳು. “ಹಾಡ ಸಾಕ್ರಿ, ನಿಮ್ಮ ಜಗಳಾನ ಹಚ್ರಿ. ನನ್ನ ಸೊಸಿ ಹಡದ ಮ್ಯಾಲೆ ಇವತ್ತ ನಕ್ಕಾಳ.”

ಹಾಗಾಗಿ ನಾಳೆಯೂ ರೇಡಿಯೋ ಇದೆ. ಅನ್ನಪೂರ್ಣಾ ಇದ್ದಿದ್ದರೆ ಮೊದಲು ಇಬ್ಬರನ್ನೂ ಬೈದು, ಆಮೇಲೆ ಮೈಕ್ ಆರಿಸುತ್ತಿದ್ದಳು.

ನಾಳೆ ಯಾವುದಕ್ಕೆ ಜಗಳ ತೆಗೆಯಲಿ? ನಿಜಾಮಸಾಬನಿಗೆ ಅವನ ಚಹಾ ಸಪ್ಪೆ ಎಂದರೆ ಸಾಕು, ಜಗಳ ತಾನೇ ಶುರುವಾಗುತ್ತದೆ.